ಮಕ್ಕಳ ಮೈ, ಮನೆಯ ಲೆಕ್ಕ

ಒಕ್ಕಲುತನದ ಪುಟದಲ್ಲಿ ಬೀಜ, ಗೊಬ್ಬರ, ಮಳೆಗಳ ಮಾತು ಬರಬೇಕು. ಮಕ್ಕಳ ಮೈಬಣ್ಣ, ಮೈಕಟ್ಟುಗಳ ಮಾತು ಇಲ್ಲೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕೇಳುವುದು ಸಹಜವೇ. ಆದರೆ ಹೊಲದಲ್ಲಿ ಬೆಳೆದುದೆಲ್ಲ ಕಡೆಗೆ ಬಂದು ಸೇರುವುದು ಎಲ್ಲಿಗೆ? ಒಂದು ಪಾಲು ಪೇಟೆಗೆ ಹೋಗಿ ರೊಕ್ಕವಾಗುತ್ತದೆ. ಇನ್ನೊಂದು ಪಾಲು ಮನೆಯ ಮಕ್ಕಳ ತಾಟಿಗೆ ಬಂದು ಮೈಯಾಗುತ್ತದೆ. ರೊಕ್ಕ ಹೇಗೆ ಖರ್ಚಾಗುತ್ತದೆಂಬುದರ ಮೇಲೆ ಆ ಮೈ ಹೇಗೆ ಬೆಳೆಯುತ್ತದೆಂಬುದು ನಿಂತಿದೆ. ಆದುದರಿಂದ ಇವೆರಡನ್ನೂ ಒಂದೇ ಪಾಠದಲ್ಲಿ ಹೇಳುವುದು ಯೋಗ್ಯವೆಂದು ನಮಗೆ ತೋರಿದೆ.

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ನಮ್ಮ ಕನ್ನಡ ಹಳ್ಳಿಗಳಲ್ಲಿ ಈಚೆಗೆ ಒಂದು ಹೊಸ ಚಿಂತೆ ಕಾಣಿಸಿಕೊಂಡಿದೆ. ಹೊಟ್ಟೆಗೆ ಇಲ್ಲವೆಂಬ ಚಿಂತೆಯು ಹಳೆಯದು. ಅದು ಪೂರ್ತಿ ಹೋಗಿಲ್ಲ. ಆದರೆ ಹೊಟ್ಟೆಗೆ ಇದ್ದರೂ ಉಣ್ಣದ ಮಕ್ಕಳು ಈಗ ಸಿಕ್ಕುತ್ತಾರೆ. 'ದಪ್ಪಗಾಗುತ್ತೇನೆ' ಎಂದು ಒಬ್ಬಳು ರೊಟ್ಟಿ ಬಿಡುತ್ತಾಳೆ. 'ಕಪ್ಪಗಾಗುತ್ತೇನೆ' ಎಂದು ಇನ್ನೊಬ್ಬಳು ಬಯಲಾಟಕ್ಕೆ ಬರುವುದಿಲ್ಲ. 'ನನ್ನ ತೋಳು ಕಡ್ಡಿಯಂತಿವೆ' ಎಂದು ಒಬ್ಬ ಹುಡುಗ ಬೇಸಿಗೆಯಲ್ಲಿಯೂ ತುಂಬುತೋಳಿನ ಅಂಗಿ ತೊಟ್ಟು ಕೂಡುತ್ತಾನೆ. ಇವರಿಗೆ ತಮ್ಮ ಮೈ ಎಂದರೆ ನಾಚಿಕೆ. ಆ ನಾಚಿಕೆಯನ್ನು ಅವರಿಗೆ ಕೊಟ್ಟವರು ಯಾರು, ಅದನ್ನು ಬಿಡಿಸುವ ಬಗೆ ಏನು, ಅದರಿಂದ ಮನೆಯ ಗಂಟು ಎಷ್ಟು ಕರಗುತ್ತದೆ - ಇವು ಮೂರು ಈ ಪಾಠದ ವಿಷಯಗಳು.

ಮೈ ಬೆಳೆಯುವ ರೀತಿ

ಮೊದಲು ಮೈ ಹೇಗೆ ಬೆಳೆಯುತ್ತದೆಂಬುದನ್ನು ತಿಳಿಯೋಣ. ತಿಳಿಯದೆ ಇದ್ದರೆ ಸರಿಯಾಗಿ ಬೆಳೆಯುತ್ತಿರುವ ಮಗುವನ್ನೂ ನಾವು ರೋಗಿಯೆಂದು ಎಣಿಸುವೆವು.

ಐದಾರು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಪ್ರಾಯಕ್ಕೆ ಬರುವ ಕಾಲದಲ್ಲಿ ಈ ಓಟ ಹೆಚ್ಚುತ್ತದೆ. ಹುಡುಗಿಯರಲ್ಲಿ ಸಾಧಾರಣವಾಗಿ 10ರಿಂದ 12ನೆಯ ವಯಸ್ಸಿನಲ್ಲಿ, ಹುಡುಗರಲ್ಲಿ 12ರಿಂದ 14ನೆಯ ವಯಸ್ಸಿನಲ್ಲಿ ಇದು ಕಾಣುತ್ತದೆ. ಆಗ ವರ್ಷಕ್ಕೆ 8 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುವ ಮಕ್ಕಳುಂಟು. ಈ ಓಟಕ್ಕೆ ಮುಂಚೆ ಅನೇಕ ಮಕ್ಕಳ ಗಲ್ಲ, ಹೊಟ್ಟೆ, ತೊಡೆಗಳು ತುಂಬಿಕೊಳ್ಳುತ್ತವೆ. ಹುಡುಗಿಯರ ಸೊಂಟ ಅಗಲವಾಗುತ್ತದೆ. ಇದು ರೋಗವಲ್ಲ, ಮುಂದಿನ ಬೆಳವಣಿಗೆಗೆ ಮೈ ಕೂಡಿಟ್ಟುಕೊಳ್ಳುವ ಬಂಡವಾಳ. ಬಿತ್ತನೆಗೆ ಮುಂಚೆ ನಾವು ಹೊಲಕ್ಕೆ ಗೊಬ್ಬರ ಹೇರುವುದಿಲ್ಲವೆ? ಹಾಗೆಯೇ ಇದು. ಇದೇ ಸಮಯದಲ್ಲಿ 'ಡುಮ್ಮಿ' ಎಂದು ಮನೆಯವರು ನಕ್ಕರೆ, ಮಗು ಉಣ್ಣುವುದನ್ನು ಬಿಟ್ಟರೆ, ಗೊಬ್ಬರ ಬೇಕಾದ ಹೊತ್ತಿಗೆ ಗೊಬ್ಬರ ತಪ್ಪಿದಂತೆ ಆಗುತ್ತದೆ.

ಒಂದೇ ತರಗತಿಯ ಮಕ್ಕಳಲ್ಲಿ ಒಬ್ಬ ಗೇಣುದ್ದ ಎತ್ತರ, ಒಬ್ಬ ಗಿಡ್ಡ ಇರುವುದೂ ಸಹಜ. ಓಟವು ಒಬ್ಬನಿಗೆ ಎರಡು ವರ್ಷ ಮೊದಲು ಬರಬಹುದು, ಒಬ್ಬನಿಗೆ ತಡವಾಗಬಹುದು. ಮೇಲಾಗಿ ತಂದೆತಾಯಿಗಳ ಎತ್ತರ ಮಕ್ಕಳಿಗೆ ಇಳಿಯುತ್ತದೆ. ನಮ್ಮ ಮಾಲದಂಡಿ ಜೋಳ ಆಳೆತ್ತರ ನಿಲ್ಲುತ್ತದೆ. ಸಂಕರ ಜೋಳ ಗಿಡ್ಡಗೆ ಬರುತ್ತದೆ. ಗಿಡ್ಡವೆಂದು ಸಂಕರ ಜೋಳವನ್ನು ಯಾರೂ ಎಳೆದು ಉದ್ದ ಮಾಡಲು ಹೋಗುವುದಿಲ್ಲ. ಬೀಜದ ಗುಣಕ್ಕೆ ತಕ್ಕಂತೆ ತೆನೆ ತುಂಬಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತೇವೆ. ಮಕ್ಕಳಲ್ಲಿಯೂ ನೋಡತಕ್ಕದ್ದು ಅಷ್ಟೆ: ಹೋದ ವರ್ಷಕ್ಕಿಂತ ಈ ವರ್ಷ ಬೆಳೆದಿದೆಯೆ? ಆಡುತ್ತದೆಯೆ? ಹಸಿವೆ, ನಿದ್ರೆ ಸರಿಯಾಗಿವೆಯೆ? ಪದೇ ಪದೇ ಬೇನೆ ಬೀಳುವುದಿಲ್ಲವಷ್ಟೆ? ಈ ನಾಲ್ಕಕ್ಕೆ ಒಳ್ಳೆಯ ಉತ್ತರವಿದ್ದರೆ ಮಗುವು ನೆರೆಮನೆಯ ಮಗುವಿನಂತೆ ಕಾಣದಿದ್ದರೂ ಚಿಂತೆಯಿಲ್ಲ.

ಹಾಗೆಂದು ಅಳತೆ ಬೇಡವೆಂದಲ್ಲ. ಅಳತೆ ಬೇಕು, ಹೋಲಿಕೆ ಬೇಡ. ಅಂಗನವಾಡಿಯಲ್ಲಿ ಸಣ್ಣ ಮಕ್ಕಳ ತೂಕ ನೋಡಿ ಬರೆದಿಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೂ ಸಾಲೆಗೂ ಬಂದು 18 ವರ್ಷದವರೆಗಿನ ಮಕ್ಕಳ ಮೈ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ರೊಕ್ಕವಿಲ್ಲ. ಆ ದಿನ ಮಗುವನ್ನು ತಪ್ಪದೆ ಕಳುಹಬೇಕು. ದೊಡ್ಡವರ ತೂಕದ ಕೋಷ್ಟಕವನ್ನು ಮಕ್ಕಳಿಗೆ ಹಚ್ಚಿ ನೋಡಬಾರದು. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕಗಳಿವೆ. ಅವನ್ನು ಓದುವುದು ವೈದ್ಯರ, ದಾದಿಯರ ಕೆಲಸ. ಸಾಲೆಯಲ್ಲಿ ತೂಕ ಮಾಡುವವರು ಅಂಕಿಯನ್ನು ಎಲ್ಲರೆದುರು ಕೂಗದೆ ಕಾಗದದಲ್ಲಿ ಬರೆದು ಮನೆಗೆ ಕಳುಹಿಸುವುದು ಒಳ್ಳೆಯದು.

ಕಪ್ಪು ಎಂಬ ಮಾತು

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು ಬಣ್ಣದ್ದು. ಹುಟ್ಟಿದ ಕೂಸನ್ನು ನೋಡಲು ಬಂದವರು ಮೊದಲು ಕೇಳುವುದೇ 'ಬಣ್ಣ ಹೆಂಗೈತಿ?' ಎಂದು. ಅಲ್ಲಿಂದ ಹಿಡಿದು ಮದುವೆಯ ಮಾತುಕತೆಯ ತನಕ ಹೆಣ್ಣುಮಗುವಿನ ಬೆನ್ನಿಗೆ ಈ ಮಾತು ಬಿಡದೆ ನಡೆಯುತ್ತದೆ.

ಬಣ್ಣವೆಂದರೆ ಏನು? ತೊಗಲಿನಲ್ಲಿ ಮೆಲನಿನ್ ಎಂಬ ಒಂದು ದ್ರವ್ಯವಿದೆ. ಅದನ್ನು ತಯಾರಿಸುವ ಜೀವಕೋಶಗಳು ಬೆಳ್ಳಗಿನವರಲ್ಲಿಯೂ ಕಪ್ಪಗಿನವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿರುತ್ತವೆ. ತಯಾರಾಗುವ ದ್ರವ್ಯ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಅದರ ಕೆಲಸ ಬಿಸಿಲಿನ ತೀಕ್ಷ್ಣ ಕಿರಣಗಳಿಂದ ಮೈಯನ್ನು ಕಾಯುವುದು. ನಮ್ಮಂಥ ಬಿಸಿಲು ನಾಡಿನಲ್ಲಿ ದುಡಿಯುವವರಿಗೆ ಇದು ಪ್ರಕೃತಿ ಕೊಟ್ಟ ಕೊಡೆ. ಇದನ್ನು ತೊಳೆದು ಹಾಕುತ್ತೇನೆನ್ನುವುದು ಮಳೆಗಾಲದಲ್ಲಿ ಮಾಳಿಗೆಯ ಮೇಲ್ಮುದ್ದೆ ಕೆರೆದು ಹಾಕಿದಂತೆ.

ಎರೆ ಹೊಲ ಕಪ್ಪೆಂದು ಯಾವ ಒಕ್ಕಲಿಗನೂ ಹಳಿದದ್ದಿಲ್ಲ. ಹಸಿ ಹಿಡಿದಿಟ್ಟು ಹಿಂಗಾರಿ ಜೋಳಕ್ಕೆ ತೆನೆ ಕಟ್ಟಿಸುವುದು ಆ ಕಪ್ಪು ಮಣ್ಣೇ. ಪಂಢರಪುರಿ ಎಮ್ಮೆಯನ್ನು ಸಂತೆಯಲ್ಲಿ ಕೊಳ್ಳುವಾಗ ಕೆಚ್ಚಲು ನೋಡುತ್ತೇವೆ, ಹಲ್ಲು ನೋಡುತ್ತೇವೆ, ಹಿಂಡಿ ನೋಡುತ್ತೇವೆ. 'ಕರಿಯದು, ಬೇಡ' ಎನ್ನುವುದಿಲ್ಲ. ಮಣ್ಣಿನಲ್ಲಿ, ದನದಲ್ಲಿ ಇರುವ ಈ ವಿವೇಕವನ್ನು ಮನೆಯ ಮಗಳ ವಿಷಯದಲ್ಲಿ ಮಾತ್ರ ನಾವೇಕೆ ಬಿಡಬೇಕು?

ಬಿಳುಪಿನ ಆಸೆಯನ್ನು ಪೇಟೆ ಬಹಳ ಹಿಂದೆಯೇ ಅರಿತುಕೊಂಡಿದೆ. 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು 1975ರಲ್ಲಿ ಮಾರುಕಟ್ಟೆಗೆ ಬಂದಿತು. ಬಣ್ಣದ ಮೇಲೆ ಮೇಲುಕೀಳು ಎಣಿಸುವುದರ ವಿರುದ್ಧ ಲೋಕದಲ್ಲೆಲ್ಲ ಕೂಗೆದ್ದ 2020ರಲ್ಲಿ ಅದರ ಹೆಸರಿನಿಂದ 'ಫೇರ್' ಎಂಬ ಮಾತನ್ನು ತೆಗೆದು 'ಗ್ಲೋ ಅಂಡ್ ಲವ್ಲಿ' ಎಂದು ಮಾಡಿದರು. ಹೆಸರು ಬದಲಾಯಿತು, ನಮ್ಮ ಮನೆಗಳಲ್ಲಿಯ ಆಸೆ ಬದಲಾಯಿತೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಯಾರು ಮಾಡಿದ್ದು, ಏನು ಹಾಕಿದ್ದು ಎಂದು ಬರೆಯದೆ ಮಾರುವ ಬಿಳುಪಿನ ಮುಲಾಮುಗಳಲ್ಲಿ ಪಾರಜ ಇರುವುದುಂಟು. ಪಾರಜ ತೊಗಲಿನ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕೆಲವರು ಅಂಗಡಿಯಿಂದ ತುರಿಗಜ್ಜಿಯ ಸ್ಟೀರಾಯ್ಡ್ ಮುಲಾಮು ತಂದು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಲು ತಿಳಿಯಾದಂತೆ ಕಾಣುತ್ತದೆ. ಆಮೇಲೆ ತೊಗಲು ತೆಳ್ಳಗಾಗಿ ಕೆಂಪು ನರಗಳೇಳುತ್ತವೆ, ಮೊಡವೆ ಮುತ್ತುತ್ತವೆ, ಬಿಟ್ಟರೆ ಉರಿ ತಡೆಯಲಾಗದು. ವೈದ್ಯರ ಚೀಟಿಯಿಲ್ಲದೆ ಇಂಥವನ್ನು ಮುಖಕ್ಕೆ ಮುಟ್ಟಿಸಬಾರದು.

ತೊನ್ನು ಇರುವ ಮಕ್ಕಳ ಬಗ್ಗೆಯೂ ಒಂದು ಮಾತು ಇಲ್ಲಿಯೇ ಹೇಳಬೇಕು. ತೊನ್ನು ಅಂಟುವ ರೋಗವಲ್ಲ. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಒಂದೇ ಬಾಕಿನ ಮೇಲೆ ಕೂತರೆ ಬರುವುದಿಲ್ಲ. ಅಂಥ ಮಗುವನ್ನು ಬೇರೆ ಕೂಡಿಸುವುದು ತಿಳಿಗೇಡಿತನ.

ಕಂಡ ಒಂದು ಸಂಗತಿ

ಒಂದು ಹಳ್ಳಿಯ ಎಂಟನೆಯ ತರಗತಿಯ ಹುಡುಗಿ ಮುಂಜಾನೆಯ ಪ್ರಾರ್ಥನೆಯ ಹೊತ್ತಿಗೆ ಎರಡು ಸಲ ತಲೆ ತಿರುಗಿ ಬಿದ್ದಳು. ಓದಿನಲ್ಲಿ ಜಾಣೆ, ಮನೆ ಬಡತನದ್ದೂ ಅಲ್ಲ. ತಾಯಿಯನ್ನು ಕರೆಸಿ ವಿಚಾರಿಸಿದಾಗ, 'ಗುರೂಜಿ, ಮಾಡಿದ್ದು ಹಂಗಽ ಉಳೀತೈತ್ರಿ. ಒಂದು ರೊಟ್ಟಿ ಮುರದು ಅರ್ಧ ಬಿಡತಾಳ್ರಿ' ಎಂದು ಅವರು ಹೇಳಿದರು. ಹುಡುಗಿಯನ್ನು ಮೆಲ್ಲಗೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಅಂದಳು: 'ಆಯಿ ಅಂತಾಳ್ರಿ, ಕರ್ರಗದೀ, ಮ್ಯಾಲ ದಪ್ಪನೂ ಆಗಬ್ಯಾಡ, ನಿನ್ನ ಲಗ್ನಕ್ಕ ನಿಮ್ಮಪ್ಪ ಎರಡೆಕರೆ ಮಾರಬೇಕಾಗತೈತಿ ಅಂತ. ಹೊಲ ಹೋಗಬಾರದು ಅಂತ ಉಣಲಿಲ್ರಿ.'

ಆಯಿಯ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಅವಳು ತನ್ನ ಕಾಲದಲ್ಲಿ ಕೇಳಿದ್ದನ್ನು ಮೊಮ್ಮಗಳಿಗೆ ಹೇಳಿದ್ದಳು, ಅಷ್ಟೆ. ಆದರೆ ಆ ಮಾತಿನಲ್ಲಿ ಹದಿಮೂರು ವರ್ಷದ ಮಗು ತನ್ನ ಮೈಯನ್ನು ಮನೆಯ ಸಾಲವೆಂದು ಬಗೆದುಕೊಂಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿದರೆ ಹಿಮೊಗ್ಲೋಬಿನ್ 9 ಗ್ರಾಂ. ಆ ವಯಸ್ಸಿಗೆ 12 ಇರಬೇಕು. ಗುಳಿಗೆ ಕೊಟ್ಟರು. ಗುಳಿಗೆಗಿಂತ ಮೊದಲು ತಂದೆ ಒಂದು ಕೆಲಸ ಮಾಡಿದರು. ಮಗಳನ್ನು ಎದುರಿಗೆ ಕೂಡಿಸಿಕೊಂಡು, 'ತಂಗೀ, ನಿನ್ನ ಬಣ್ಣಕ್ಕ ಹೊಲ ಮಾರೂದಿಲ್ಲ. ಹೊಲ ಮಾರಿ ಮಾಡೂವಂಥ ಲಗ್ನ ನಮಗ ಬ್ಯಾಡ' ಎಂದು ಹೇಳಿ, ತಾವೇ ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದರು. ಆರು ತಿಂಗಳಲ್ಲಿ ಹುಡುಗಿ ಖೋ-ಖೋ ತಂಡದಲ್ಲಿದ್ದಳು.

ವರದಕ್ಷಿಣೆಯನ್ನು ಕಾಯದೆ 1961ರಲ್ಲಿಯೇ ನಿಷೇಧಿಸಿದೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದೂ ಅಪರಾಧ. ಕಾಯದೆ ಇದ್ದರೂ ಮನೆಯ ಮಾತು ಬದಲಾಗದಿದ್ದರೆ ಮಗುವಿನ ಕಿವಿಗೆ ಬೀಳುವುದು ಮನೆಯ ಮಾತೇ.

ನಮ್ಮ ತಾಟಿನಲ್ಲಿ ಇಲ್ಲದ್ದೇನು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೀಗಿರುವಾಗ ನಮ್ಮ ಮಕ್ಕಳು ಉಪವಾಸ ಮಾಡಿ ತೆಳ್ಳಗಾಗುವ ಮಾತನ್ನು ಆಡತಕ್ಕದ್ದೇ ಅಲ್ಲ.

ಇತ್ತ ಹುಡುಗರು ಮೈ ಕಟ್ಟುವುದಕ್ಕೆಂದು ಡಬ್ಬಿಯ ಪುಡಿ ಕೇಳುತ್ತಾರೆ. ಒಂದು ಡಬ್ಬಿಗೆ ಸಾವಿರಾರು ರೂಪಾಯಿ. ಅದರ ಅಗತ್ಯವಿದೆಯೆ, ಲೆಕ್ಕ ಹಾಕಿ ನೋಡೋಣ. 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ. ಹುಡುಗಿಗೆ ಸುಮಾರು 43 ಗ್ರಾಂ. ಈಗ ನಮ್ಮ ಮನೆಯ ಊಟ ನೋಡಿರಿ:

ನಾಲ್ಕು ಜೋಳದ ರೊಟ್ಟಿ, ಅಂದರೆ 300 ಗ್ರಾಂ ಹಿಟ್ಟು - 30 ಗ್ರಾಂ ಪ್ರೋಟೀನು.
ತೊಗರಿ ಬೇಳೆ 40 ಗ್ರಾಂ - ಸುಮಾರು 9 ಗ್ರಾಂ.
ಶೇಂಗಾ ಒಂದು ಹಿಡಿ, 30 ಗ್ರಾಂ - ಸುಮಾರು 7 ಗ್ರಾಂ.
ಹಾಲು ಅಥವಾ ಮೊಸರು 200 ಮಿಲಿಲೀಟರ್ - ಸುಮಾರು 6 ಗ್ರಾಂ.
ಒಟ್ಟು 52 ಗ್ರಾಂ.

ಡಬ್ಬಿ ಬೇಕಾಗಲಿಲ್ಲ. ಆದರೆ ಇಲ್ಲಿ ಒಂದು ಮಾತು ಗಮನಿಸಬೇಕು. ರೊಟ್ಟಿಯೊಂದನ್ನೇ ಉಂಡರೆ ಸಾಲದು. ಜೋಳದ ಪ್ರೋಟೀನಿನಲ್ಲಿ ಒಂದು ಅಂಶ ಕಡಿಮೆ. ಬೇಳೆಯಲ್ಲಿ ಅದು ಹೆಚ್ಚಾಗಿದೆ. ಎರಡೂ ಕೂಡಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ರೊಟ್ಟಿಗೆ ಬೇಳೆ, ಝುಣಕ, ಶೇಂಗಾ ಹಿಂಡಿ ಕೂಡಿಸಿದ್ದು ಸುಮ್ಮನೆ ಅಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟವನ್ನೇ ನೆನೆಯಿರಿ: ಸಜ್ಜೆ ರೊಟ್ಟಿ, ಕಾಳುಗಳ ಪಲ್ಯ, ಹಸಿ ಸೊಪ್ಪು, ಎಳ್ಳು, ಶೇಂಗಾ ಹೋಳಿಗೆ, ಮಜ್ಜಿಗೆ. ಆ ಒಂದು ದಿನದ ತಾಟನ್ನು ಚಿಕ್ಕದು ಮಾಡಿ ದಿನವೂ ಹಾಕಿದರೆ ಮಗುವಿನ ಮೈ ತಾನೇ ಕಟ್ಟುತ್ತದೆ.

ರಕ್ತಕ್ಕೆ ಕಬ್ಬಿಣದಂಶ ಬೇಕು. ಅದು ಸಜ್ಜೆಯಲ್ಲಿ, ಕಾಳುಗಳಲ್ಲಿ, ಸೊಪ್ಪುಗಳಲ್ಲಿ ಇದೆ. ಊಟದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ, ಪೇರಲಹಣ್ಣು, ನೆಲ್ಲಿಕಾಯಿ ತಿಂದರೆ ಆ ಅಂಶ ಮೈಗೆ ಹೆಚ್ಚಾಗಿ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಕಡಿಮೆ ಹತ್ತುತ್ತದೆ. ಒಂದು ತಾಸು ಬಿಡಬೇಕು. ಸಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಗುಳಿಗೆ ಕೊಡುತ್ತಾರೆ. 2015ರಿಂದ ಫೆಬ್ರುವರಿ 10ನ್ನು ಜಂತು ನಿವಾರಣ ದಿನವೆಂದು ಆಚರಿಸಿ ಆಗ ಜಂತಿನ ಗುಳಿಗೆ ಕೊಡುತ್ತಾರೆ. ಇವನ್ನು 'ಬೇಡ' ಎಂದು ಮನೆಯವರು ಬಿಡಿಸಬಾರದು. ಸಾಲೆಯ ಬಿಸಿಯೂಟವನ್ನೂ ಹೀನಾಯವೆಂದು ತಿಳಿಯಬಾರದು. ಕೆಳಗಿನ ತರಗತಿಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೆಯ ತರಗತಿಯವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕೆಂದು ಅದಕ್ಕೆ ನಿಯಮವಿದೆ. ನಿಯಮದಂತೆ ಬರುತ್ತಿದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ.

ಕಡೆಯದಾಗಿ, ತಾಟಿನ ಸರದಿ. ಗಂಡಸರು, ಗಂಡುಮಕ್ಕಳು ಉಂಡ ಮೇಲೆ ತಾಯಿ, ಮಗಳು ಉಳಿದದ್ದನ್ನು ಉಣ್ಣುವ ಮನೆಗಳು ಇನ್ನೂ ಇವೆ. ಬೇಳೆಯ ತಿಳಿ ಉಳಿದಿರುತ್ತದೆ, ಬೇಳೆ ಉಳಿದಿರುವುದಿಲ್ಲ. ಎಲ್ಲರೂ ಕೂಡಿ ಕುಳಿತು ಉಣ್ಣುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಹುಡುಗಿಯ ಪಾಲು ಮಾತ್ರ ಹೆಚ್ಚುತ್ತದೆ.

ಹನ್ನೆರಡು ತಿಂಗಳ ಗಂಟು

ಈಗ ರೊಕ್ಕದ ಮಾತು. ನೌಕರಿಯವನಿಗೆ ತಿಂಗಳಿಗೊಮ್ಮೆ ಪಗಾರ ಬರುತ್ತದೆ. ಒಕ್ಕಲಿಗನಿಗೆ ರಾಶಿಯಾದಾಗ ಒಮ್ಮೆಲೇ ಬರುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ತೊಗರಿ ಮಾರಿದ ತಿಂಗಳು ಮನೆಯಲ್ಲಿ ಎಲ್ಲವೂ ಬರುತ್ತದೆ; ಶ್ರಾವಣದ ಹೊತ್ತಿಗೆ ಉಪ್ಪಿಗೂ ಉದ್ರಿ. ಇದರ ಪೆಟ್ಟು ಮೊದಲು ಬೀಳುವುದು ಮಕ್ಕಳ ತಾಟಿಗೆ. ಆದುದರಿಂದ ರೊಕ್ಕವನ್ನೂ ಕಾಳಿನಂತೆ ಬೇರೆ ಬೇರೆ ಕಣಜಕ್ಕೆ ತುಂಬಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐದು ಜನರ ಮನೆ; ಖುಷ್ಕಿ ಹೊಲ; ಒಂದು ಎಮ್ಮೆ; ಉಣ್ಣುವ ಜೋಳ ಮನೆಯದೇ. ತೊಗರಿ, ಮಿಕ್ಕ ಜೋಳ ಮಾರಿ 1,20,000 ರೂಪಾಯಿ; ಮೇವು ಹಿಂಡಿಯ ಖರ್ಚು ಕಳೆದು ಹಾಲಿನಿಂದ 36,000; ಕೂಲಿಯಿಂದ 24,000. ವರ್ಷಕ್ಕೆ ಒಟ್ಟು 1,80,000. ಅಂಕಿಗಳು ಲೆಕ್ಕ ಕಲಿಯುವುದಕ್ಕಾಗಿ. ನಿಮ್ಮ ಮನೆಯ ಅಂಕಿಗಳನ್ನು ನೀವು ಹಾಕಿಕೊಳ್ಳಿರಿ.

ಮೊದಲನೆಯ ಕಣಜ: ಬರುವ ಹಂಗಾಮಿನ ಬೀಜ, ಗೊಬ್ಬರ, ಗಳೆ, ಕೂಲಿ - 45,000.
ಎರಡನೆಯದು: ಸೊಸಾಯಿಟಿಯ ಸಾಲದ ಕಂತು - 30,000.
ಮೂರನೆಯದು: ಕಷ್ಟಕಾಲಕ್ಕೆ ಮುಟ್ಟದೆ ಇಡುವ ಗಂಟು - 9,000.
ನಾಲ್ಕನೆಯದು: ಮನೆಯ ಖರ್ಚು - ಉಳಿದ 96,000, ಅಂದರೆ ತಿಂಗಳಿಗೆ 8,000.

ಈ 8,000ವನ್ನು ಹೀಗೆ ಹಂಚಬಹುದು: ಕಿರಾಣಿ, ಎಣ್ಣೆ, ಬೇಳೆ 3,000, ಕಾಯಿಪಲ್ಯ, ಹಣ್ಣು ಇತ್ಯಾದಿ 1,000, ಸಾಲೆ, ಬಸ್ಸು 1,000, ಗ್ಯಾಸು, ವಿದ್ಯುತ್ತು, ಮೊಬೈಲು 1,200, ಔಷಧ 500, ಬಟ್ಟೆ, ಹಬ್ಬ, ಮುಯ್ಯಿ 1,300. ಕೂಡಿಸಿದರೆ ಸರಿಯಾಗಿ 8,000.

ಕಾಗದದ ಮೇಲೆ ಸರಿಯಿದೆ. ಆದರೆ ತಿಂಗಳ ಕೊನೆಗೆ ಸಾಲುವುದಿಲ್ಲ. ಏಕೆ? ಈ ಪಟ್ಟಿಯಲ್ಲಿ ಬರೆಯದ ಕೆಲವು ಖರ್ಚುಗಳಿವೆ. ಇಬ್ಬರು ಮಕ್ಕಳಿಗೆ ದಿನಕ್ಕೆ ಹತ್ತು ರೂಪಾಯಿಯ ಒಂದೊಂದು ಕುರುಕಲು ಪೊಟ್ಟಣ: ತಿಂಗಳಿಗೆ 600. ಮುಖದ ಮುಲಾಮು, ಪುಡಿ: 150. ಅಪ್ಪನ ಹೊರಗಿನ ಚಹಾ, ತಂಬಾಕು ದಿನಕ್ಕೆ 30: ತಿಂಗಳಿಗೆ 900. ಒಟ್ಟು 1,650. ಮನೆಖರ್ಚಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಆಯಿತು! ಹತ್ತು ರೂಪಾಯಿ ಎಂದು ಯಾರೂ ಬರೆಯುವುದಿಲ್ಲ. ಬರೆಯದ ಖರ್ಚು ಇಲಿಯಂತೆ ಕಣಜವನ್ನು ತಳದಿಂದ ತಿನ್ನುತ್ತದೆ.

ಎಲ್ಲವನ್ನೂ ಒಮ್ಮೆಲೇ ಬಿಡಿರೆಂದು ನಾವು ಹೇಳುವುದಿಲ್ಲ, ಹೇಳಿದರೂ ನಡೆಯುವುದಿಲ್ಲ. ಅರ್ಧ ಬಿಟ್ಟರೆ 825 ರೂಪಾಯಿ ಉಳಿಯಿತು. ಮೊಟ್ಟೆಗೆ 7 ರೂಪಾಯಿ ಹಿಡಿದರೆ ಇಬ್ಬರು ಮಕ್ಕಳಿಗೆ ದಿನಕ್ಕೊಂದರಂತೆ 60 ಮೊಟ್ಟೆಗೆ 420. ಶೇಂಗಾ ಕಿಲೋಗೆ 140 ಹಿಡಿದರೆ ಎರಡು ಕಿಲೋಗೆ 280. ಉಳಿದ 125 ರೂಪಾಯಿಗೆ ನಿಂಬೆ, ಪೇರಲ, ಬೆಲ್ಲ. ಮೊಟ್ಟೆ ತಿನ್ನದ ಮನೆಯವರು ಅದೇ 420 ರೂಪಾಯಿಗೆ ಕಡಲೆ, ಹೆಸರು ತರಬಹುದು; ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಲೋಟ ಮಕ್ಕಳಿಗೆಂದು ಹಿಂದೆ ಇಟ್ಟುಕೊಳ್ಳಬಹುದು. ಮನೆಯಲ್ಲಿ ಎಮ್ಮೆ ಹಿಂಡುತ್ತಿದ್ದು ಮಕ್ಕಳಿಗೆ ಹಾಲು ಕಾಣದಿರುವುದು ಒಕ್ಕಲಿಗನಿಗೆ ಶೋಭಿಸದು.

ಸಾಲದ ವಿಷಯವನ್ನೂ ಮಕ್ಕಳಿಗೆ ತಿಳಿಯುವಂತೆ ಹೇಳಬೇಕು. ಖಾಸಗಿ ಸಾಲದಲ್ಲಿ 'ನೂರಕ್ಕೆ ಮೂರು' ಎಂದರೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿಗೆ ಮೂರು, ವರ್ಷಕ್ಕೆ 36. ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ಬಡ್ಡಿಯೇ ಹೋಯಿತು. ಅದೇ ಹತ್ತು ಸಾವಿರ ಬೆಳೆಸಾಲವಾಗಿ ನೂರಕ್ಕೆ ಏಳರಂತೆ ಸಿಕ್ಕರೆ ವರ್ಷಕ್ಕೆ 700; ಸಕಾಲಕ್ಕೆ ತೀರಿಸಿದವರಿಗೆ ಅದರಲ್ಲಿಯೂ ರಿಯಾಯಿತಿಯಿದೆ. ಸಣ್ಣ ಅಡಚಣೆಗೆ ತಾಯಂದಿರ ಬಚತ ಗಟವಿದೆ. ಸಾಲ ಎತ್ತಲೇಬೇಕಾದರೆ ಬೀಜಕ್ಕೆ, ಬಾವಿಗೆ, ಓದಿಗೆ, ಔಷಧಕ್ಕೆ ಎತ್ತಬೇಕು. ಬೀಗರ ಎದುರು ದೊಡ್ಡಸ್ತಿಕೆ ತೋರಿಸಲು ಎತ್ತಿದ ಸಾಲ ಒಂದು ದಿನದ ಮೆರವಣಿಗೆ, ಹತ್ತು ವರ್ಷದ ದುಡಿತ.

ಮಕ್ಕಳನ್ನು ಲೆಕ್ಕಕ್ಕೆ ಕೂಡಿಸಿಕೊಳ್ಳಿರಿ

ಹತ್ತು ವರ್ಷ ದಾಟಿದ ಮಗುವಿಗೆ ಮನೆಯ ಲೆಕ್ಕ ತಿಳಿಯುತ್ತದೆ. ಅಮಾವಾಸ್ಯೆಯ ದಿನ ಎತ್ತಿನ ಕೊರಳಿಗೆ ನೊಗವಿಲ್ಲ. ಒಂದು ತಾಸು ಎಲ್ಲರೂ ಕೂಡಿ ಕುಳಿತು ತಿಂಗಳ ಲೆಕ್ಕ ಬರೆಯಿರಿ. ವಹಿಯನ್ನು ಮಗಳ ಕೈಗೆ ಕೊಡಿರಿ. ಮುಲಾಮಿಗೆ ಎಷ್ಟು, ತಂಬಾಕಿಗೆ ಎಷ್ಟು, ಬೇಳೆಗೆ ಎಷ್ಟು ಎಂಬುದನ್ನು ಅವಳೇ ಬರೆಯಲಿ. ಬೈದು ಬಿಡಿಸಲಾಗದ್ದನ್ನು ಅಂಕಿ ಬಿಡಿಸುತ್ತದೆ. ಇದರಿಂದ ಕನ್ನಡ ಅಂಕಿಗಳೂ ಬಾಯಿಲೆಕ್ಕವೂ ಮಗುವಿಗೆ ರೂಢಿಯಾಗುತ್ತವೆ. ಗಡಿಯಾಚೆ ಇರುವ ನಮಗೆ ಅದೂ ಒಂದು ಲಾಭವೇ.

ಆದರೆ ಒಂದು ಗೆರೆ ದಾಟಬಾರದು. ಲೆಕ್ಕ ಹೇಳುವುದು ಬೇರೆ, ಮಗುವಿನ ಮೇಲೆ ಲೆಕ್ಕ ಹೊರಿಸುವುದು ಬೇರೆ. 'ಈ ತಿಂಗಳು ಹೊಸ ಬೂಟು ಆಗುವುದಿಲ್ಲ, ತೊಗರಿ ಮಾರಿದ ಮೇಲೆ ತರೋಣ' ಎನ್ನುವುದು ಲೆಕ್ಕ. 'ನಿನ್ನಿಂದಲೇ ಇಷ್ಟೆಲ್ಲ ಖರ್ಚು' ಎನ್ನುವುದು ಹೊರೆ. ಮೊದಲನೆಯದರಿಂದ ಮಗು ತಾಳ್ಮೆ ಕಲಿಯುತ್ತದೆ. ಎರಡನೆಯದರಿಂದ ತಾನು ಹುಟ್ಟಿದ್ದೇ ತಪ್ಪೆಂದು ಕಲಿಯುತ್ತದೆ.

ಮಾತಿನ ವಿಷಯದಲ್ಲಿಯೂ ಮನೆಯಲ್ಲಿ ಒಂದು ನಿಯಮವಿರಲಿ. ಕರಿಯಾ, ಗಿಡ್ಡಾ, ಡುಮ್ಮಿ, ಕಡ್ಡಿ ಎಂಬ ಅಡ್ಡಹೆಸರುಗಳು ಪ್ರೀತಿಯಿಂದಲೂ ಬೇಡ. ಮಗುವನ್ನು ಹೊಗಳುವಾಗ ಮೈ ಏನು ಮಾಡಿತೆಂಬುದನ್ನು ಹೊಗಳಿರಿ: 'ಎಷ್ಟು ಜೋರು ಓಡಿದೆ', 'ಎರಡು ಕೊಡ ನೀರು ತಂದೆ', 'ಚಂದ ಬರೆದೆ.' ತಾಯಂದಿರು ಮಕ್ಕಳೆದುರು ತಮ್ಮ ಮೈಯನ್ನು ತಾವೇ ಹಳಿದುಕೊಳ್ಳಬಾರದು; ಮಕ್ಕಳು ಮಾತಿಗಿಂತ ನಡತೆಯಿಂದ ಹೆಚ್ಚು ಕಲಿಯುತ್ತಾರೆ. ಮೊಬೈಲಿನಲ್ಲಿ ಕಾಣುವ ಮುಖಗಳು ಬಣ್ಣ ತಿಳಿಮಾಡಿ, ಗಲ್ಲ ಸಣ್ಣಮಾಡಿ ತೋರಿಸಿದವು. ಒಮ್ಮೆ ಮಗುವಿನದೇ ಪಟ ತೆಗೆದು, ಅದೇ ಮುಖವನ್ನು ಮೊಬೈಲು ಹೇಗೆ ತಿದ್ದುತ್ತದೆಂದು ಅದರ ಎದುರಿಗೇ ತೋರಿಸಿರಿ. ಮೋಸ ಕಣ್ಣಿಗೆ ಕಂಡ ಮೇಲೆ ಅದರ ಮೋಡಿ ಅರ್ಧ ಇಳಿಯುತ್ತದೆ.

ಕೆಲವು ಲಕ್ಷಣ ಕಂಡರೆ ಮಾತ್ರ ತಡಮಾಡಬಾರದು. ಮಗು ಎಲ್ಲರೊಡನೆ ಉಣ್ಣಲು ಒಲ್ಲೆನ್ನುವುದು. ಉಂಡು ಹೋಗಿ ವಾಂತಿ ಮಾಡುವುದು. ತೂಕ ಇಳಿಯುತ್ತ ಹೋಗುವುದು. ಶುರುವಾಗಿದ್ದ ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು. ಪದೇ ಪದೇ ತಲೆ ತಿರುಗುವುದು. ಸಾಲೆ, ಆಟ, ಗೆಳೆತನ ಎಲ್ಲ ಬಿಟ್ಟು ಮೂಲೆ ಸೇರುವುದು. 'ನಾನು ಇರಬಾರದು' ಎಂಬ ಮಾತಾಡುವುದು. ಇಂಥಲ್ಲಿ ಬೈಗುಳವೂ ಬೇಡ, ಹರಕೆಯನ್ನೇ ನೆಚ್ಚಿ ಕೂಡುವುದೂ ಬೇಡ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಮನಸ್ಸಿನ ಬೇನೆಗೆ ಸಲಹೆ ಕೊಡಲು ಸರಕಾರ 2022ರಲ್ಲಿ ಟೆಲಿ ಮಾನಸ ಎಂಬ ಸೇವೆಯನ್ನು ಆರಂಭಿಸಿದೆ; 14416 ಎಂಬ ಸಂಖ್ಯೆಗೆ ಫೋನು ಮಾಡಲು ರೊಕ್ಕ ಬೀಳುವುದಿಲ್ಲ.

ಮನೆಗೆಲಸದ ಪಾಠ

ಈ ಪಾಠ ಓದಿ ಮುಗಿಸಿದವರಿಗೆ ಒಂದು ತಿಂಗಳ ಕೆಲಸ ಕೊಡುತ್ತೇವೆ.

1. ಬಾಗಿಲ ಚೌಕಟ್ಟಿನ ಮೇಲೆ ಪ್ರತಿಯೊಂದು ಮಗುವಿನ ಎತ್ತರಕ್ಕೆ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ಆರು ತಿಂಗಳ ಮೇಲೆ ಮತ್ತೆ ಎಳೆಯಿರಿ. ಮಗುವನ್ನು ಅದರ ಹಳೆಯ ಗೆರೆಯೊಡನೆ ಹೋಲಿಸಿರಿ, ತಮ್ಮನೊಡನೆ ಬೇಡ.

2. ಒಂದು ವಹಿಯಲ್ಲಿ ಮೂವತ್ತು ದಿನ, ಹತ್ತು ರೂಪಾಯಿಯ ಖರ್ಚನ್ನೂ ಬಿಡದೆ ಬರೆಯಿರಿ.

3. ದಿನಕ್ಕೊಂದು ಹೊತ್ತಾದರೂ ಗಂಡುಹೆಣ್ಣು ಎನ್ನದೆ ಎಲ್ಲರೂ ಕೂಡಿ ಉಣ್ಣಿರಿ.

4. ಮೂವತ್ತು ದಿನ ಮನೆಯಲ್ಲಿ ಯಾರ ಬಣ್ಣ, ದಪ್ಪ, ಗಿಡ್ಡಗಳ ಮಾತನ್ನೂ ಆಡದಿರಿ. ಬಂದ ಬೀಗರು ಆಡಿದರೆ, 'ನಮ್ಮ ಹುಡುಗಿ ಗಟ್ಟಿಮುಟ್ಟ ಅದಾಳ್ರಿ' ಎಂದು ಹೇಳಿ ಮಾತು ಬೇರೆ ಕಡೆ ತಿರುಗಿಸಿರಿ. ಆ ಮಾತು ಮಗಳ ಕಿವಿಗೆ ಬೀಳುವಂತೆ ಹೇಳಿರಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಮಕ್ಕಳನ್ನು ಬೆಳೆಸುವ ಮನೆಗೆ ಇವೆರಡೂ ಒಟ್ಟಿಗೆ ಬೇಕು. ಬರುವ ಅಮಾವಾಸ್ಯೆಗೆ ವಹಿಯ ಮೊದಲ ಹಾಳೆ ತೆರೆಯಿರಿ.